ಹಳೆಯ ಚಾಕುವಿನ ಬೆಲೆ ಅದರ ಬುಡದಲ್ಲಿದೆ

ಹಳೆಯ ಮಡಚುವ ಚಾಕುವಿಗೆ ದುಡ್ಡು ಕೊಡುವ ಮುನ್ನ ನಾನು ಹಿಡಿಯ ಅಂದಕ್ಕಾಗಲಿ ಅಲಗಿನ ಹೊಳಪಿಗಾಗಲಿ ಗಮನ ಕೊಡುವುದಿಲ್ಲ. ಅಲಗನ್ನು ಪೂರ್ತಿ ಬಿಚ್ಚಿ, ಅದು ಹಿಡಿಯೊಳಗೆ ಸೇರುವ ಕಡೆ ಇರುವ ಚಪ್ಪಟೆ ಬುಡವನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ಮಾಡಿದವರ ಹೆಸರು, ಊರು, ಗುರುತು ಅಚ್ಚಾಗಿರುವುದು ಅಲ್ಲೇ. ನೋಡಲು ಅವಳಿಯಂತಿರುವ ಎರಡು ಚಾಕುಗಳ ಬೆಲೆಯಲ್ಲಿ ಹಲವು ಪಟ್ಟು ಅಂತರ ಬೀಳುವುದೂ ಆ ನಾಲ್ಕಾರು ಅಕ್ಷರಗಳಿಂದಲೇ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ, ಹಳೇ ಬೀಗ, ನಿಂತುಹೋದ ಗಡಿಯಾರಗಳ ರಾಶಿಯಲ್ಲಿ ಇಂಥ ಚಾಕುಗಳು ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡ್‌ನವು. 1624ರಲ್ಲೇ ಚಾಕು ಮಾಡುವವರ ಸಂಘಕ್ಕೆ ಅಲ್ಲಿನ ಸಂಸತ್ತು ಕಾಯ್ದೆಯ ಬಲ ಕೊಟ್ಟಿತ್ತು. ಗುರುತುಗಳನ್ನು ದಾಖಲಿಸಿ ಕಾಯುತ್ತಿದ್ದದ್ದು ಆ ಸಂಘ. ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ ಇದ್ದರೆ ಜೋಸೆಫ್ ರಾಜರ್ಸ್ ಅಂಡ್ ಸನ್ಸ್. ಐ ಎಕ್ಸ್ ಎಲ್ ಎಂದಿದ್ದರೆ ಜಾರ್ಜ್ ವೊಸ್ಟೆನ್‌ಹೋಮ್. ಈ ಎರಡು ಗುರುತು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಕಾಲನಿರ್ಣಯ. ಇಲ್ಲಿ ನನ್ನ ಸೂತ್ರ ಒಂದೇ: ಚಾಕುವಿನಲ್ಲಿರುವ ಅತಿ ಹೊಸ ಅಂಶಕ್ಕಿಂತ ಚಾಕು ಹಳೆಯದಾಗಿರಲು ಸಾಧ್ಯವಿಲ್ಲ. ಕಿರೀಟದ ಎರಡು ಬದಿಗೆ ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ಇ ಮತ್ತು ಆರ್ ಇದ್ದು ಚಾಕು ಹಳೆಯ ಧಾಟಿಯದಾದರೆ ಏಳನೇ ಎಡ್ವರ್ಡ್, 1910ರವರೆಗೆ. ಜಿ ಮತ್ತು ಆರ್ ಕಂಡರೆ ಆತುರಪಡಬಾರದು, ಜಾರ್ಜ್ ಹೆಸರಿನ ದೊರೆಗಳು ಹಲವರು. ಇಂಗ್ಲೆಂಡ್ ಎಂಬ ಪದವೂ ಒಂದು ಸುಳಿವು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ಅಲ್ಲಿಗೆ ಹೋಗುವ ಚಾಕುಗಳಿಗೆ ಆ ಪದ ಬಿತ್ತು. ಆದರೆ ಭಾರತಕ್ಕೆ ಬರುತ್ತಿದ್ದ ಸರಕಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಪದ ಇಲ್ಲವೆಂಬ ಒಂದೇ ಕಾರಣಕ್ಕೆ ಚಾಕು 1890ಕ್ಕಿಂತ ಹಳೆಯದು ಎನ್ನುವ ಅಂಗಡಿಯವನ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ನಮ್ಮ ಮನೆತನದಲ್ಲಿ ಪಾಲಾಗುವಾಗ ಈ ಸೂತ್ರ ಕೆಲಸಕ್ಕೆ ಬಂತು. ಚಿಕ್ಕಪ್ಪನ ಬಳಿ ಒಂದು ರಾಜರ್ಸ್ ಚಾಕು ಇತ್ತು. ಅದನ್ನು ದೊಡ್ಡ ಮೊತ್ತಕ್ಕೆ ಹಿಡಿದು ಅವರ ಪಾಲಿನಲ್ಲಿ ಕಳೆಯಬೇಕು ಎಂದು ಉಳಿದವರ ವಾದ. ಅದಕ್ಕೆ ಕಾರಣ ಚಿಕ್ಕಪ್ಪನೇ ವರ್ಷಗಟ್ಟಲೆ ಹೇಳಿಕೊಂಡು ಬಂದ ಕತೆ: “ವಿಕ್ಟೋರಿಯಾ ರಾಣಿ ಕಾಲದ್ದು ಕಣೋ, ನಿನ್ನ ಮುತ್ತಾತನಿಗೆ ಸಕಲೇಶಪುರದ ಎಸ್ಟೇಟ್ ದೊರೆ ಕೊಟ್ಟಿದ್ದು.” ನಾನು ಅಲಗನ್ನು ಬೆಳಕಿಗೆ ತಿರುಗಿಸಿ, “ಚಿಕ್ಕಪ್ಪಾ, ಇಲ್ಲಿ ಸ್ಟೇನ್‌ಲೆಸ್ ಅಂತ ಇದೆ ನೋಡಿ” ಎಂದೆ. ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ರಾಣಿ ತೀರಿಕೊಂಡು ಆಗಲೇ ಹನ್ನೆರಡು ವರ್ಷ. ಚಾಕು ಅಸಲಿ, ಕತೆಯ ಕಾಲ ಮಾತ್ರ ಸರಿಯಿಲ್ಲ. ಕೊನೆಗೆ ಅದನ್ನು ಸಣ್ಣ ಮೊತ್ತಕ್ಕೆ ಹಿಡಿದರು. ಚಾಕು ಚಿಕ್ಕಪ್ಪನ ಬಳಿಯೇ ಉಳಿಯಿತು.

ಹಿಡಿಯನ್ನು ನೋಡುವುದು ಆಮೇಲೆ. ಬೇಕಲೈಟ್ ಆಗಿದ್ದರೆ 1907ರ ನಂತರದ್ದು ಎನ್ನಲು ಅದೊಂದೇ ಸಾಕು. ಸೆಲ್ಯುಲಾಯ್ಡ್ ಹಿಡಿಯದ್ದನ್ನು ಬೇರೆ ಚಾಕುಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬಾರದು. ಅದು ಹಾಳಾಗತೊಡಗಿದರೆ ಹೊರಬರುವ ಆಮ್ಲದ ಹಬೆ ಪಕ್ಕದ ಅಲಗುಗಳನ್ನೂ ತಿಂದುಹಾಕುತ್ತದೆ. ದನದ ಮೂಳೆಯ ಹಿಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಾಣುತ್ತವೆ. ಆನೆದಂತವಾದರೆ ಅಡ್ಡ ಕೊಯ್ದ ಅಂಚಿನಲ್ಲಿ ಒಂದನ್ನೊಂದು ದಾಟುವ ನವಿರು ಗೆರೆಗಳು. ಇನ್ನು ಉಬ್ಬುತಗ್ಗಿನ ಕೊಂಬಿನ ಹಿಡಿ. ಭಾರತದ ಕಾಡುಗಳ ಕಡವೆ ಕೊಂಬು ಹಡಗು ಹತ್ತಿ ಶೆಫೀಲ್ಡ್‌ಗೆ ಹೋಗುತ್ತಿತ್ತು. ನಮ್ಮದೇ ಕೊಂಬು ಚಾಕುವಾಗಿ ವಾಪಸು ಬಂದಿರುವುದೂ ಉಂಟು. ಆನೆದಂತ ಮತ್ತು ಕಡವೆ ಕೊಂಬು, ಇವೆರಡರ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವ್ಯಾಪಾರವನ್ನು ನಿಷೇಧಿಸಿದೆ. 2023ರಲ್ಲಿ ಹುಲಿಯುಗುರಿನ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಎಷ್ಟು ಸದ್ದು ಮಾಡಿದವೆಂಬುದು ನೆನಪಿರಲಿ. ಅಜ್ಜನ ಕಾಲದಿಂದ ಮನೆಯಲ್ಲೇ ಇದ್ದರೆ ಮೊದಲು ವಕೀಲರ ಸಲಹೆ ಪಡೆಯಿರಿ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಹವ್ಯಾಸ ಸಲೀಸು. ಪೆನ್ಸಿಲ್ವೇನಿಯಾದ ಕೇಸ್ ಕಂಪನಿ 1965ರಿಂದ ತನ್ನ ಹೆಸರಿನ ಕೆಳಗೆ ಯು.ಎಸ್.ಎ. ಎಂದು ಹಾಕಿತು. 1970ರಲ್ಲಿ ಅದಕ್ಕೆ ಹತ್ತು ಚುಕ್ಕೆ ಸೇರಿಸಿ ವರ್ಷಕ್ಕೊಂದು ತೆಗೆಯುತ್ತ ಬಂತು. ಆ ದಶಕದ ಚಾಕುವಿನಲ್ಲಿ ಮೂರು ಚುಕ್ಕೆ ಉಳಿದಿದ್ದರೆ 1977. ಬೇರೆ ದೇಶದ ಚಾಕುಗಳಲ್ಲೂ ಇಂಥ ಸುಳಿವುಗಳಿವೆ: ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಅಲಗನ್ನು ಭದ್ರಪಡಿಸುವ ತಿರುಗುಬಳೆ ಬಂದದ್ದು 1955ರಲ್ಲಿ.

ಇಷ್ಟು ಓದಿ ಇದನ್ನು ಹೂಡಿಕೆ ಎಂದುಕೊಳ್ಳಬೇಡಿ. ಚಿನ್ನವನ್ನು ಯಾವ ಅಂಗಡಿಗೆ ಒಯ್ದರೂ ಅವತ್ತಿನ ದರವೊಂದಿರುತ್ತದೆ. ಚಾಕುವಿಗೆ ದರಪಟ್ಟಿ ಇಲ್ಲ, ಬಡ್ಡಿ ಇಲ್ಲ, ಬೇಕೆಂದ ದಿನ ಗಿರಾಕಿ ಸಿಗುವುದಿಲ್ಲ. ಕೊಳ್ಳುವವರು ಹೆಚ್ಚಾಗಿ ಹೊರದೇಶದವರು. ಆದರೆ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುವನ್ನು ಖಾಸಗಿಯವರು ಹೊರಗೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ನಿಲ್ಲುತ್ತದೆ. ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಕೊಡುವುದು ಭಾರತೀಯ ಪುರಾತತ್ವ ಇಲಾಖೆ. ಮನೆ ಖರ್ಚು, ವಿಮೆ, ಉಳಿತಾಯ ಎಲ್ಲ ಕಳೆದು, ಹೋದರೂ ಪರವಾಗಿಲ್ಲ ಎನ್ನುವಷ್ಟು ಉಳಿದರೆ ಆ ಹಣದಲ್ಲಿ ಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

ಬೆಲೆ ಕಟ್ಟುವಾಗ ಅಲಗು ಸವೆದಿದೆಯೇ, ಮಡಚಿದಾಗ ಟಕ್ ಎಂದು ಕೂರುತ್ತದೆಯೇ, ಪಕ್ಕಕ್ಕೆ ಅಲ್ಲಾಡುತ್ತದೆಯೇ ನೋಡಿ. ಎರಡು ಅಲಗಿದ್ದರೆ ಎರಡರ ಬಣ್ಣವೂ ಸವೆತವೂ ಹೊಂದಬೇಕು. ಒಂದು ಮಾತ್ರ ಹೊಸತಂತೆ ಕಂಡರೆ ಆಮೇಲೆ ಹಾಕಿಸಿದ್ದೇ ಎಂದು ಕೇಳಿ.

ಮನೆಯಲ್ಲಿ ಹಳೆಯ ಚಾಕು ಇರುವವರಿಗೆ ನನ್ನ ಕೋರಿಕೆ ಒಂದೇ. ಮಾರುವ ಮುನ್ನ ಚೆನ್ನಾಗಿ ಕಾಣಲೆಂದು ಉಪ್ಪುಕಾಗದ ಹಿಡಿದು ಉಜ್ಜಬೇಡಿ, ಸಾಣೆಗೂ ಕೊಡಬೇಡಿ. ಅಲಗಿನ ಕಪ್ಪಿನ ಜೊತೆ ಬುಡದ ಅಕ್ಷರಗಳೂ ಅಳಿಸಿಹೋಗುತ್ತವೆ, ಅಳಿಸಿದ ಮೇಲೆ ಯಾವ ಗಿರಾಕಿಯೂ ಆ ಬೆಲೆ ಕೊಡುವುದಿಲ್ಲ. ಒಂದು ಹನಿ ಎಣ್ಣೆ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬುಡದ ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ. ಬೆಲೆಯ ಮಾತು ಅದಾದ ಮೇಲೆ.