ತಪ್ಪು ನಾಣ್ಯ ಖೋಟಾ ನಾಣ್ಯವಲ್ಲ

ಕಳೆದ ರಜೆಯಲ್ಲಿ ಕಾಪುವಿನ ಅಬ್ಬಾರ ಹಣ್ಣಿನಂಗಡಿಯ ಗಲ್ಲಾದಲ್ಲಿ ನನಗೊಂದು ಐದು ರೂಪಾಯಿ ನಾಣ್ಯ ಸಿಕ್ಕಿತು. ಚಿತ್ರ ಒಂದು ಬದಿಗೆ ಸರಿದು, ಇನ್ನೊಂದು ಬದಿ ಬೋಳಾಗಿತ್ತು. ದಾದಿ ನೋಡಿ, "ಇದು ಖೋಟಾ ಸಿಕ್ಕಾ" ಎಂದರು. ಆಮೇಲೆ ಓದಿದಾಗ ಅದು ಖೋಟಾ ಅಲ್ಲ ಎಂದು ತಿಳಿಯಿತು.

ನಮ್ಮ ನಾಣ್ಯಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಬಿಲ್ಲೆ ಸರಿಯಾಗಿ ಕೂರದಿದ್ದರೆ ಚಿತ್ರ ಬದಿಗೆ ಸರಿಯುತ್ತದೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ನಾಣ್ಯದ ಒಂದು ಮುಖದಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಮೂಡುತ್ತದೆ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತದೆ. ಇಂಥವು ಅಪರೂಪ, ಆದ್ದರಿಂದ ಸಂಗ್ರಾಹಕರು ಹುಡುಕುತ್ತಾರೆ.

ಆದರೆ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ವಜ್ರದ ಆಕಾರವಿದ್ದರೆ ಮುಂಬೈ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ಹತ್ತು ರೂಪಾಯಿ ನಾಣ್ಯಗಳ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ತಿಳಿಸಿದೆ. ಇನ್ನು ಕೆಲವರು ಎರಡು ನಾಣ್ಯಗಳನ್ನು ಒಟ್ಟಿಗೆ ಹಿಂಡಿ "ತಪ್ಪು ನಾಣ್ಯ" ಮಾಡಿ ಮಾರುತ್ತಾರೆ. ಹಾಗೆ ಮಾಡಿದಾಗ ಇರುವ ಚಿತ್ರ ಚಪ್ಪಟೆಯಾಗುತ್ತದೆ. ಅದೇ ಗುರುತು.

ಈಗ ನನ್ನ ತಪ್ಪು. ನಾಣ್ಯದ ಫೋಟೋವನ್ನು ಮೊಬೈಲಿನಲ್ಲಿ ಹಾಕಿದೆ. ಒಬ್ಬರು ಕರೆ ಮಾಡಿ ಎರಡು ಲಕ್ಷ ಕೊಡುತ್ತೇನೆ, ಮೊದಲು ನೋಂದಣಿಗೆ 850 ರೂಪಾಯಿ ಕಳಿಸು ಎಂದರು. ಟ್ಯೂಷನ್ನಿಗೆ ಇಟ್ಟಿದ್ದ ಹಣದಿಂದ ಕಳಿಸಿದೆ. ಮತ್ತೆ ತೆರಿಗೆಯೆಂದು 2,500 ಕೇಳಿದಾಗ ಹೆದರಿ ಅಬ್ಬಾರಿಗೆ ಹೇಳಿದೆ. ಅವರು ಬೈಯಲಿಲ್ಲ. "ಮಾರುವವನೇ ಕೊಳ್ಳುವವನಿಗೆ ದುಡ್ಡು ಕೊಡುವ ವ್ಯಾಪಾರ ಎಲ್ಲಿದೆ?" ಎಂದು ಮಾತ್ರ ಕೇಳಿದರು. ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ತುಂಬಾ ನಾಚಿಕೆಯಾಯಿತು. ಇಂಥ ವ್ಯವಹಾರದಲ್ಲಿ ತಾನು ಸೇರಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ನಾನು ಓದಿರಲಿಲ್ಲ.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯ ಸಂಗ್ರಹಾಲಯವಿದೆ. ಅವರು 1906ರಲ್ಲಿ ಸ್ಥಾಪಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದಾದ ಬ್ಯಾಂಕಿನ ಮೊದಲ ದಿನದ ಹಣ 38 ರೂಪಾಯಿ 13 ಆಣೆ 2 ಪೈ. ಎರಡು ಪೈಯನ್ನೂ ಬಿಡದೆ ಲೆಕ್ಕ ಬರೆದಿದ್ದಾರೆ!

ಸ್ನೇಹಿತರೇ, ನಾಣ್ಯ ಸಂಗ್ರಹಿಸಿ, ಆದರೆ ಮೊದಲು ಓದಿ, ನೋಡಿ, ಹಿರಿಯರನ್ನು ಕೇಳಿ. ನನ್ನ ನಾಣ್ಯ ಈಗಲೂ ಪೆಟ್ಟಿಗೆಯಲ್ಲಿದೆ. ಅದು ಅಸಲಿ. ಖೋಟಾ ಆಗಿದ್ದು ಆ ಫೋನ್ ಕರೆ.