ಹಳ್ಳ ಬರುವ ಮುಂಚೆ ನಾವೇನು ಮಾಡಬೇಕು?



ಪೀಠಿಕೆ: ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಹಳ್ಳ ಮಿತಿ ಮೀರಿ ಬಂದರೆ ಬಳ್ಳಕ್ಕೆ ತುಂಬಲು ತೆನೆಯೇ ಉಳಿಯುವುದಿಲ್ಲ. ಇದನ್ನು ನಮ್ಮ ಭಾಗದ ಜನ 2009ರಲ್ಲಿ ಮತ್ತು 2019ರಲ್ಲಿ ಕಣ್ಣಾರೆ ಕಂಡರು.

ನಮ್ಮ ಹಳ್ಳದ ಪರಿಚಯ: ನಮ್ಮೂರು ಬೆಣ್ಣೆಹಳ್ಳದ ದಂಡೆಯ ಮೇಲಿದೆ. ಈ ಹಳ್ಳ ಹಾವೇರಿ ಜಿಲ್ಲೆಯ ಶಿಗ್ಗಾಂವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳಲ್ಲಿ ಹರಿದು, ಮುಂದೆ ಮಲಪ್ರಭಾ ನದಿಯನ್ನು ಸೇರುತ್ತದೆ. ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳವೂ ಇದಕ್ಕೆ ಕೂಡುತ್ತದೆ. ಹೆಸರು ಬೆಣ್ಣೆ ಮತ್ತು ತುಪ್ಪ. ಆದರೆ ಸಿಟ್ಟು ಬಂದರೆ ಎರಡೂ ಸೇರಿ ಬೆಳೆ ನುಂಗುತ್ತವೆ.

ನೆರೆ ಬರಲು ಕಾರಣಗಳು:

1. ಮೇಲಿನ ಊರುಗಳಲ್ಲಿ ಮಳೆಯಾದರೆ ನೀರು ಕೆಳಗೆ ನಮ್ಮ ಕಡೆಗೇ ಬರುತ್ತದೆ. ನಮ್ಮೂರಲ್ಲಿ ಚುಕ್ಕಿ ಕಾಣುತ್ತಿದ್ದರೂ ರಾತ್ರಿ ಹಳ್ಳ ಏರಬಹುದು.

2. ನಮ್ಮದು ಎರೆಭೂಮಿ. ಒಣಗಿದಾಗ ಬಿರುಕು ಬಿಟ್ಟು ನೀರು ಕುಡಿಯುತ್ತದೆ. ತೊಯ್ದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆ ಬಹುಪಾಲು ಹರಿದೇ ಹೋಗುತ್ತದೆ.

3. ಹಳ್ಳದ ಪಾತ್ರದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ಹೂಳು ತುಂಬಿದೆ. ದಂಡೆಯನ್ನು ಉತ್ತು ಹೊಲ ಮಾಡಿಕೊಂಡಿದ್ದಾರೆ. ನೀರಿಗೆ ದಾರಿ ಸಾಲದೆ ಅದು ಊರೊಳಗೆ ನುಗ್ಗುತ್ತದೆ.

ಮೂರನೆಯ ಕಾರಣ ಬರೆಯಲು ನನಗೆ ಸ್ವಲ್ಪ ನಾಚಿಕೆ ಆಯಿತು. ಯಾಕೆಂದರೆ ನಮ್ಮ ಹೊಲವೂ ಅದರಲ್ಲಿ ಇದೆ. 2019ರ ಆಗಸ್ಟ್‌ನಲ್ಲಿ ನಾನು ಸಣ್ಣವನಿದ್ದೆ. ಕೊಯ್ಲಿಗೆ ಬಂದ ಹೆಸರು ಪೂರ್ತಿ ಹೋಯಿತು. ಹೊಲ ನೋಡಿ ಅವ್ವ ಅತ್ತಳು. ಆಗ ಅಜ್ಜ ಹೇಳಿದ್ದನ್ನು ಅಪ್ಪ ಈಗಲೂ ನೆನೆಯುತ್ತಾನೆ: “ಹಳ್ಳ ನಮ್ಮ ಹೊಲಕ್ಕ ಬಂದಿಲ್ಲೋ ತಮ್ಮಾ, ನಾವ ಹಳ್ಳದಾಗ ಹೋಗೇವಿ.” ಅದೇ ರಾತ್ರಿ ನಮ್ಮ ಎಮ್ಮೆಯೂ ಸತ್ತಿತು. ನೀರು ಬಂತೆಂದು ಎಲ್ಲರೂ ಶಾಲೆಯ ಕಡೆ ಓಡಿದೆವು, ಗೂಟದ ಹಗ್ಗ ಬಿಚ್ಚಲು ಯಾರಿಗೂ ನೆನಪಾಗಲಿಲ್ಲ. ಬಿಚ್ಚಿದ್ದರೆ ಅದು ಈಜಿ ದಿಬ್ಬ ಸೇರುತ್ತಿತ್ತೋ ಏನೋ.

ಒಂದು ಲೆಕ್ಕ: ಒಂದು ಎಕರೆ ಹೊಲದಲ್ಲಿ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು ಆಗುತ್ತದೆ. ಅಂದರೆ 10 ಲೀಟರಿನ 4,000 ಬಕೆಟ್! ನೂರು ಎಕರೆಯಲ್ಲಿ ಒಡ್ಡು ಹಾಕಿ ಬರೀ 1 ಸೆಂಟಿಮೀಟರ್ ನೀರು ನಿಲ್ಲಿಸಿದರೂ 40 ಲಕ್ಷ ಲೀಟರ್ ಹಳ್ಳಕ್ಕೆ ತಡವಾಗಿ ಹೋಗುತ್ತದೆ. ನಮ್ಮೂರೊಂದೇ ಮಾಡಿದರೆ ಸಾಲದು, ಮೇಲಿನ ಊರುಗಳೂ ಮಾಡಬೇಕು. ನಾವು ಮಾಡಿದರೆ ಕೆಳಗಿನ ಊರಿಗೆ ಉಪಕಾರ.

ಹೊಲದಲ್ಲಿ ಮಾಡುವುದು: ಇಳಿಜಾರಿಗೆ ಅಡ್ಡ ಉಳಬೇಕು, ಅಡ್ಡ ಬಿತ್ತಬೇಕು. ಒಡೆದ ಒಡ್ಡನ್ನು ಬೇಸಿಗೆಯಲ್ಲೇ ಕಟ್ಟಬೇಕು. ಎರೆಹೊಲದಲ್ಲಿ ನೀರು ಬಹಳ ದಿನ ನಿಂತರೆ ಬೆಳೆಯ ಬೇರು ಕೊಳೆಯುತ್ತದೆ. ಅದಕ್ಕೆ ಒಡ್ಡಿಗೆ ಕಲ್ಲಿನ ಕೋಡಿ ಇಡಬೇಕು. ಕೃಷಿಹೊಂಡ ತೆಗೆದರೆ ಹರಿಯುವ ನೀರು ಅಲ್ಲಿ ನಿಂತು ಮುಂದೆ ಬೆಳೆಗೂ ಬರುತ್ತದೆ.

ಹಳ್ಳದಲ್ಲಿ ಮಾಡುವುದು: ಪಾತ್ರದ ನಡುವಿನ ಜಾಲಿ ಕಡಿಯಬೇಕು. ದಂಡೆಯ ಹುಲ್ಲು, ಹೊಂಗೆ ಗಿಡಗಳನ್ನು ಕಡಿಯಬಾರದು, ಅವುಗಳ ಬೇರು ಮಣ್ಣು ಹಿಡಿಯುತ್ತದೆ. ರಸ್ತೆಯ ಮೋರಿಗೆ ಗೋವಿನಜೋಳದ ದಂಟು, ಪ್ಲಾಸ್ಟಿಕ್ ಚೀಲ ಸಿಕ್ಕು ನೀರು ಕಟ್ಟುತ್ತದೆ. ಮಳೆಗಾಲದ ಮುಂಚೆ ಅದನ್ನು ತೆಗೆಯಬೇಕು.

ಮನೆಯಲ್ಲಿ ಮಾಡುವುದು:

1. ರೇಷನ್ ಕಾರ್ಡು, ಹೊಲದ ಉತಾರ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಬೀಜದ ಚೀಲಗಳನ್ನು ದಿಬ್ಬದ ಮೇಲಿನ ಮನೆಯಲ್ಲಿ ಇಡಬೇಕು.

2. ಸೇತುವೆಯ ಕಂಬಕ್ಕೆ ಕೆಂಪು ಗೆರೆ ಹಾಕಬೇಕು. ನೀರು ಗೆರೆ ಮುಟ್ಟಿದರೆ ಗುಡಿಯ ಮೈಕಿನಲ್ಲಿ ಕೂಗಬೇಕು. ಕರೆಂಟ್ ಹೋಗಿದ್ದರೆ ಹಲಗಿ ಬಾರಿಸಬೇಕು.

3. ಕೂಗು ಕೇಳಿದ ಕೂಡಲೇ ಮೊದಲು ದನಗಳ ಹಗ್ಗ ಬಿಚ್ಚಿ ದಿಬ್ಬಕ್ಕೆ ಹೊಡೆಯಬೇಕು. ಮುದುಕರನ್ನು, ಬಾಣಂತಿಯರನ್ನು ಮೊದಲೇ ಕರೆದುಕೊಂಡು ಹೋಗಬೇಕು.

4. ಮಣ್ಣಿನ ಮನೆಯ ಮಾಳಿಗೆ ಹತ್ತಿ ಕೂಡಬಾರದು. ಗೋಡೆ ನೆನೆದು ಕುಸಿಯುತ್ತದೆ. 2009ರ ನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಗೋಡೆ ಬಿದ್ದು ಸತ್ತವರೂ ಇದ್ದರು. ನೀರು ಇಳಿದ ಮೇಲೂ ಹಸಿ ಗೋಡೆಯ ಹತ್ತಿರ ಮಲಗಬಾರದು.

5. ಹರಿಯುವ ನೀರು ಮೊಣಕಾಲಮಟ ಇದ್ದರೂ ದಾಟಬಾರದು. ನೀರಿನ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ ಎಂದು ಗುರುಗಳು ಹೇಳಿದ್ದಾರೆ.

6. ನೆರೆ ಇಳಿದ ಮೇಲೆ ನೀರು ಕುದಿಸಿಯೇ ಕುಡಿಯಬೇಕು. ಸಹಾಯಕ್ಕೆ 112 ಅಥವಾ ಜಿಲ್ಲೆಯ 1077 ನಂಬರಿಗೆ ಫೋನ್ ಮಾಡಬೇಕು.

ಉಪಸಂಹಾರ: ಮಳೆಯನ್ನು ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ. ಆದರೆ ನೀರಿಗೆ ದಾರಿ ಬಿಡುವುದು, ಹಗ್ಗ ಬಿಚ್ಚುವುದು ನಮ್ಮ ಕೈಯಲ್ಲೇ ಇದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು. ಈ ಸಲ ಅಪ್ಪ ದಂಡೆಯ ಕಡೆ ನಾಲ್ಕು ಸಾಲು ಬಿಟ್ಟು ಬಿತ್ತಿದ್ದಾನೆ. “ನಾಕ ಸಾಲು ಹ್ವಾದ್ರ ಹೋಗ್ಲಿ, ಉಳಿದದ್ದರ ಉಳೀಲಿ” ಅಂದ. ಬಿಟ್ಟ ಜಾಗದಲ್ಲಿ ನಾನು ಹೊಂಗೆ ಬೀಜ ಊರಿದ್ದೇನೆ.

ಗೆಳೆಯರೇ, ಬರುವ ರವಿವಾರ ಮುಂಜಾನೆ ದೊಡ್ಡವರನ್ನು ಕರೆದುಕೊಂಡು ಶಾಲೆಯ ಮುಂದಿನ ಮೋರಿ ಸ್ವಚ್ಛ ಮಾಡೋಣ. ಸಲಿಕೆ, ಬುಟ್ಟಿ ತರ್ರಿ. ಗುರುಗಳು ಹೂಂ ಅಂದಾರ.

ನಿಮಗೊಂದು ಪ್ರಶ್ನೆ: ನಿಮ್ಮ ಹೊಲ ಎಷ್ಟು ಎಕರೆ? ಅದರಲ್ಲಿ 5 ಸೆಂಟಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ನೀರು? ಲೆಕ್ಕ ಮಾಡಿ ಇದರ ಕೆಳಗೆ ಚೀಟಿ ಅಂಟಿಸಿರಿ.

— 7ನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿ