ಎಂಜಿನ್ನಿನ ನಾಡಿಬಡಿತ: ಒರಟು ಐಡ್ಲಿಂಗ್ ಮತ್ತು ಅಪಸ್ವರಗಳ ಪರೀಕ್ಷೆ

ಓಬವ್ವನ ಕಥೆಯನ್ನು ಕೇಳದ ವಿದ್ಯಾರ್ಥಿ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಇರಲಾರನು. ನೀರು ತರಲು ಹೋದ ಆ ತಾಯಿ ಕಿಂಡಿಯ ಕಡೆಯಿಂದ ಬಂದ ಸಣ್ಣ ಸದ್ದನ್ನು ಅಲಕ್ಷಿಸದೆ ನಿಂತು ಆಲಿಸಿದಳೆಂದು ಜನರು ಹೇಳುತ್ತಾರೆ. ಒನಕೆ ಕೈಗೆ ಬಂದದ್ದು ಆಮೇಲೆ. ಮೊದಲು ಕೆಲಸ ಮಾಡಿದುದು ಕಿವಿ. ಯಂತ್ರಗಳ ವಿಷಯದಲ್ಲಿಯೂ ಇದೇ ಕ್ರಮವು ಸಲ್ಲುತ್ತದೆ. ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ಕಿವಿಗೊಡಬೇಕು. ಕೇಳಿದುದರ ಅರ್ಥವನ್ನು ವಿಚಾರಿಸಬೇಕು.

ಮದಕರಿಪುರದ ಸುತ್ತಣ ಹಳ್ಳಿಗಳ ಹುಡುಗರಿಗೆ ಮೋಟಾರುಗಳ ಸದ್ದು ಹೊಸದಲ್ಲ. ಬೆಂಗಳೂರಿನಿಂದ ಹಿರಿಯೂರಿನ ಮೂಲಕ ಚಿತ್ರದುರ್ಗಕ್ಕೆ ಬಂದು ಹುಬ್ಬಳ್ಳಿ, ಪುಣೆಗಳ ಕಡೆಗೆ ಸಾಗುವ ಹೆದ್ದಾರಿ, ಹಿಂದೆ 4ನೆಯ ಸಂಖ್ಯೆಯದು, ಈಗ 48ನೆಯದು, ಹಗಲಿರುಳೂ ಗರ್ಜಿಸುತ್ತಿರುತ್ತದೆ. ಆ ದಾರಿಯ ಅಕ್ಕಪಕ್ಕದ ಗ್ಯಾರೇಜುಗಳಲ್ಲಿ ನಮ್ಮವರು ಅನೇಕರು ಜೀವನೋಪಾಯವನ್ನು ಕಂಡುಕೊಂಡಿದ್ದಾರೆ. ಮುಂದೆ ನಿಮ್ಮಲ್ಲಿಯೂ ಕೆಲವರು ಈ ವಿದ್ಯೆಯನ್ನು ಹಿಡಿಯಬಹುದು. ವೇಗಕ್ಕಾಗಿ ರೂಪಿಸಿದ ಕಾರಿನ ಎಂಜಿನ್ನು ನಿಂತಲ್ಲಿ ಏಕೆ ನಡುಗುತ್ತದೆ, ಅದರಿಂದ ಹೊರಡುವ ಅಪಸ್ವರಗಳು ಏನನ್ನು ಸೂಚಿಸುತ್ತವೆ ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

1. ನಿಂತಲ್ಲಿಯೇ ಓಡುವ ಎಂಜಿನ್ನು

ಗೇರು ಹಾಕದೆ, ಆಕ್ಸಿಲರೇಟರನ್ನು ತುಳಿಯದೆ ಎಂಜಿನ್ನು ತನ್ನಷ್ಟಕ್ಕೆ ತಿರುಗುತ್ತಿರುವುದಕ್ಕೆ ಐಡ್ಲಿಂಗ್ ಎಂದು ಹೆಸರು. ಸಾಮಾನ್ಯ ಪೆಟ್ರೋಲು ಕಾರಿನಲ್ಲಿ ಇದು ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು. 800 ಸುತ್ತು ಎಂದಿಟ್ಟುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೆ ಒಮ್ಮೆ ದಹನವಾಗುತ್ತದೆ. ಆದುದರಿಂದ ಒಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 400, ನಾಲ್ಕರಲ್ಲಿ ಸೇರಿ 1600 ದಹನಗಳು. ಅಂದರೆ ಸೆಕೆಂಡಿಗೆ ಸುಮಾರು 27. ಇಷ್ಟು ಬೇಗಬೇಗನೆ ಬರುವ ಸಮನಾದ ಹೊಡೆತಗಳನ್ನು ನಮ್ಮ ದೇಹವು ಬಿಡಿಬಿಡಿಯಾಗಿ ಗ್ರಹಿಸಲಾರದು. ಅವು ಒಂದೇ ಗುಂಯ್ಗುಡುವಿಕೆಯಾಗಿ ಕೇಳುತ್ತವೆ. ಒಂದು ಸಿಲಿಂಡರು ಕೆಲಸ ನಿಲ್ಲಿಸಿತೆಂದರೆ ಸೆಕೆಂಡಿಗೆ ಆರೇಳು ಬಾರಿ ಆ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ. ಅದನ್ನು ಸ್ಟಿಯರಿಂಗ್ ಹಿಡಿದ ಕೈಯೇ ಹೇಳುತ್ತದೆ. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ.

ಪ್ರತಿಯೊಂದು ದಹನಕ್ಕೂ ಮೂರು ಅಗತ್ಯಗಳು: ತಕ್ಕ ಪ್ರಮಾಣದ ಗಾಳಿ ಮತ್ತು ಪೆಟ್ರೋಲು, ಸಾಕಷ್ಟು ಒತ್ತಡ, ಸಕಾಲದಲ್ಲಿ ಕಿಡಿ. ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಒರಟುತನದ ಮೂಲವನ್ನು ಈ ಮೂರರ ಆಚೆಗೆ ಹುಡುಕಬೇಕಾದ ಪ್ರಸಂಗ ವಿರಳ. ಆಧಾರದ ರಬ್ಬರುಗಳು ಹರಿದಿದ್ದರೆ ಮಾತ್ರ ಸರಿಯಾದ ಎಂಜಿನ್ನೂ ಗಾಡಿಯನ್ನು ನಡುಗಿಸಬಲ್ಲದು.

2. ವೇಗದ ಕಾರಿನ ಸ್ವಭಾವ

ಕರ್ನಾಟಕದಲ್ಲಿಯೂ ಇದಕ್ಕೊಂದು ಉದಾಹರಣೆಯಿದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯು ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರು ಅದರ ಮೂಲ. ಮೈ ಫೈಬರ್‌ಗ್ಲಾಸಿನದು, ಎಂಜಿನ್ನು ನಾಲ್ಕು ಸಿಲಿಂಡರಿನ, 848 ಘನ ಸೆಂಟಿಮೀಟರಿನ, ಅಲ್ಯೂಮಿನಿಯಮ್ಮಿನ ಹಗುರ ಎಂಜಿನ್ನು. ಕುಟುಂಬದ ಕಾರಾಗಿ ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ತೂಕ ಕಡಿಮೆಯಾದುದರಿಂದ ರ‍್ಯಾಲಿ ಮತ್ತು ಓಟದ ಪಂದ್ಯಗಳವರು ಅದನ್ನು ಮೆಚ್ಚಿದರು. ಇಂಥ ಕಾರುಗಳನ್ನು ಪಂದ್ಯಕ್ಕೆ ಅಣಿಗೊಳಿಸುವಾಗ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ದಂಡವನ್ನು ಅಳವಡಿಸುವುದು ವಾಡಿಕೆ.

ಅಂಥ ಕ್ಯಾಮಿನಿಂದ ಒಳವಾಲ್ವು ಹೊರವಾಲ್ವುಗಳೆರಡೂ ಒಟ್ಟಿಗೆ ತೆರೆದಿರುವ ಕಾಲವು ಹೆಚ್ಚುತ್ತದೆ. ವೇಗದಲ್ಲಿ ಇದು ಲಾಭಕರ. ನಿಧಾನಗತಿಯಲ್ಲಾದರೋ, ಉರಿದ ಹೊಗೆಯು ಹಿಂದಕ್ಕೆ ಸರಿದು ಹೊಸ ಮಿಶ್ರಣವನ್ನು ಕೆಡಿಸುತ್ತದೆ; ಎಂಜಿನ್ನು ಕುಂಟುತ್ತ ಓಡುತ್ತದೆ. ಇದು ರೋಗವಲ್ಲ, ಸ್ವಭಾವ. ಆದಕಾರಣ ಪರೀಕ್ಷಕನು ಕೇಳಬೇಕಾದ ಮೊದಲ ಪ್ರಶ್ನೆ: ‘ಈ ನಡುಕ ಮೊದಲಿನಿಂದಲೂ ಇತ್ತೋ, ಈಚೆಗೆ ಬಂದಿತೋ?’ ಹುಟ್ಟುಗುಣವನ್ನು ರೋಗವೆಂದು ಬಗೆದು ಬಿಚ್ಚುವುದೂ ತಪ್ಪು. ‘ರೇಸಿನ ಗಾಡಿ, ಹಾಗೆಯೇ ಇರುತ್ತದೆ’ ಎಂದು ರೋಗವನ್ನು ಕಡೆಗಣಿಸುವುದು ಅದಕ್ಕಿಂತ ದೊಡ್ಡ ತಪ್ಪು.

3. ಒರಟುತನದ ಮೂಲವನ್ನು ಹುಡುಕುವ ಕ್ರಮ

ಮೊದಲು ದೋಷವು ಯಾವ ಸಿಲಿಂಡರಿನದೆಂದು ಗೊತ್ತುಮಾಡಬೇಕು. ಒಂದೊಂದೇ ಸಿಲಿಂಡರನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿದರೆ ಆರೋಗ್ಯವಂತ ಸಿಲಿಂಡರನ್ನು ನಿಲ್ಲಿಸಿದಾಗ ಎಂಜಿನ್ನಿನ ವೇಗ ಕುಸಿಯುತ್ತದೆ. ಮೊದಲೇ ಸತ್ತಿರುವುದನ್ನು ನಿಲ್ಲಿಸಿದರೆ ಯಾವ ವ್ಯತ್ಯಾಸವೂ ಕಾಣದು. ಹಳೆಯ ಕಾರ್ಬುರೇಟರಿನ ಕಾರುಗಳಲ್ಲಿ ಇದಕ್ಕಾಗಿ ಪ್ಲಗ್ಗಿನ ತಂತಿಯನ್ನು ಕೀಳುತ್ತಿದ್ದರು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಹಾಗೆ ಮಾಡಬಾರದು. ಕಿಡಿಯ ವಿದ್ಯುತ್ತು ಹತ್ತಾರು ಸಾವಿರ ವೋಲ್ಟಿನದು. ಅಲ್ಲದೆ ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಳುಮಾಡುತ್ತದೆ. ಅವುಗಳಲ್ಲಿ ಇಂಜೆಕ್ಟರಿನ ಸಂಪರ್ಕವನ್ನು ಬಿಡಿಸಿ ನೋಡುವುದು, ಇಲ್ಲವೆ ಸ್ಕ್ಯಾನರಿನಿಂದ ಸಂಕೇತಗಳನ್ನು ಓದುವುದು ಯೋಗ್ಯ. ಪಿ 0301 ಎಂದರೆ ಮೊದಲನೆಯ ಸಿಲಿಂಡರಿನ ಮಿಸ್ಸಿಂಗ್, ಪಿ 0302 ಎಂದರೆ ಎರಡನೆಯದರದು. ಪಿ 0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ್ದು. ಆದರೆ ಸಂಕೇತವು ರೋಗವಿರುವ ಊರನ್ನು ಹೇಳುತ್ತದೆಯೇ ಹೊರತು ಮನೆಯನ್ನು ಹೇಳುವುದಿಲ್ಲ.

ಅನಂತರ ಪ್ಲಗ್ಗನ್ನು ಬಿಚ್ಚಿ ಅದರ ಮುಖವನ್ನು ನೋಡಬೇಕು. ತಿಳಿಗಂದು ಬಣ್ಣ ಆರೋಗ್ಯದ ಗುರುತು. ಒಣಗಿದ ಕರಿಮಸಿ ಪೆಟ್ರೋಲು ಅತಿಯಾಗಿರುವುದನ್ನೂ, ಜಿಡ್ಡಾದ ಕಪ್ಪು ಎಣ್ಣೆಯು ಒಳಗೆ ನುಸುಳುತ್ತಿರುವುದನ್ನೂ, ಬೆಳ್ಳಗೆ ಸುಟ್ಟಂತಿರುವ ಮುಖವು ಅತಿಯಾದ ಕಾವನ್ನೂ ತಿಳಿಸುತ್ತವೆ.

ಗಾಳಿಯ ಸೋರಿಕೆಗೆ ಒಂದು ವಿಶೇಷ ಲಕ್ಷಣವಿದೆ. ಐಡ್ಲಿಂಗಿನಲ್ಲಿ ಥ್ರಾಟಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಒಳಕೊಳವೆಯಲ್ಲಿ ಪ್ರಬಲವಾದ ನಿರ್ವಾತವಿರುತ್ತದೆ. ಆಗ ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯೂ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ವೇಗ ಹೆಚ್ಚಿದಂತೆ ಆ ಪಾಲು ಕಿರಿದಾಗುತ್ತದೆ. ಆದುದರಿಂದ ನಿಂತಾಗ ನಡುಗಿ, ಓಟದಲ್ಲಿ ಸರಿಹೋಗುವ ಎಂಜಿನ್ನಿನಲ್ಲಿ ಗಾಳಿಯ ಸೋರಿಕೆಯನ್ನು ಶಂಕಿಸಬೇಕು. ‘ಸುಯ್’ ಎಂಬ ಸದ್ದೂ ಕೇಳಬಹುದು. ವೇಗ ಮತ್ತು ಭಾರ ಹೆಚ್ಚಿದಂತೆ ಒದ್ದಾಡುವ ಎಂಜಿನ್ನಿನಲ್ಲಾದರೆ ಪೆಟ್ರೋಲಿನ ಪೂರೈಕೆಯನ್ನೂ ಕಿಡಿಯ ಬಲವನ್ನೂ ನೋಡಬೇಕು.

ನಿರ್ವಾತಮಾಪಕವು ಅಗ್ಗದ, ಆದರೆ ಬಹುಪ್ರಯೋಜನಕಾರಿಯಾದ ಸಲಕರಣೆ. ಸಮುದ್ರಮಟ್ಟದಲ್ಲಿ ಸ್ವಸ್ಥವಾದ ಸಾಮಾನ್ಯ ಎಂಜಿನ್ನು 17ರಿಂದ 21 ಅಂಗುಲ ಪಾದರಸದಷ್ಟು ತೋರಿಸುತ್ತದೆ. ಸಾವಿರ ಅಡಿಗೆ ಸುಮಾರು ಒಂದು ಅಂಗುಲದಂತೆ ಇದು ಇಳಿಯುತ್ತದೆ. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರು, ಎಂದರೆ 2400 ಅಡಿ ಎತ್ತರದಲ್ಲಿರುವುದರಿಂದ ನಮ್ಮಲ್ಲಿ 15ರಿಂದ 19 ಬಂದರೆ ಅದೇ ಸರಿಯಾದ ಅಳತೆ. ಪುಸ್ತಕದ ಅಂಕಿಯನ್ನೇ ನಂಬಿ ಕೂತವನು ಇಲ್ಲಿ ಇಲ್ಲದ ರೋಗವನ್ನು ಕಂಡುಹಿಡಿದಾನು! ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ. ಅದು ನಿಶ್ಚಲವಾಗಿದ್ದರೆ ಕ್ಷೇಮ. ಕ್ರಮತಪ್ಪದೆ ಒಂದೇ ತಾಳದಲ್ಲಿ ಕುಸಿಯುತ್ತಿದ್ದರೆ ಯಾವುದೋ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ.

ಕೊನೆಯದು ಒತ್ತಡದ ಪರೀಕ್ಷೆ. ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಏರದಿದ್ದರೆ ದೋಷವು ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು.

4. ಅಪಸ್ವರಗಳ ಪರಿಚಯ

ಸದ್ದನ್ನು ಕೇಳಿದಾಗ ನಾಲ್ಕು ವಿಷಯಗಳನ್ನು ಗಮನಿಸಬೇಕು: ತಣ್ಣಗಿರುವಾಗಲೋ ಬಿಸಿಯಾದಾಗಲೋ, ಸುತ್ತಿನೊಡನೆ ವೇಗಗೊಳ್ಳುವುದೋ ಇಲ್ಲವೋ, ಭಾರ ಬಿದ್ದಾಗ ಹೆಚ್ಚುವುದೋ, ಎಂಜಿನ್ನಿನ ಮೇಲ್ಭಾಗದ್ದೋ ಕೆಳಭಾಗದ್ದೋ.

ಅಕ್ಕಸಾಲಿಗನ ಸುತ್ತಿಗೆಯಂತೆ ‘ಟಿಕ್ ಟಿಕ್’ ಎಂದು ಮೇಲಿನಿಂದ ಬರುವ ಸದ್ದು ಸಾಮಾನ್ಯವಾಗಿ ಟ್ಯಾಪೆಟ್ಟಿನದು. ಕ್ಯಾಮ್ ದಂಡವು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಈ ತಾಳವೂ ಅರ್ಧದ್ದೇ. ಹೊಗೆಕೊಳವೆಯ ಗ್ಯಾಸ್ಕೆಟ್ಟು ಸೋರಿದರೂ ಇಂಥದೇ ಸದ್ದು ಬರಬಹುದು. ಆದರೆ ಲೋಹವು ಕಾದು ಹಿಗ್ಗಿದಾಗ ಅದು ಅನೇಕವೇಳೆ ಅಡಗುತ್ತದೆ.

ತಣ್ಣಗಿರುವಾಗ ಟೊಳ್ಳಾಗಿ ಬಡಿದು, ಬಿಸಿಯಾದ ಮೇಲೆ ಕಡಿಮೆಯಾಗುವುದು ಪಿಸ್ಟನ್ನಿನ ಬಡಿತ. ಪಂದ್ಯದ ಎಂಜಿನ್ನುಗಳಲ್ಲಿ ಬಳಸುವ, ಬಡಿದು ತಯಾರಿಸಿದ ಪಿಸ್ಟನ್ನುಗಳಿಗೆ ಹೆಚ್ಚಿನ ಸಂದು ಬಿಟ್ಟಿರುವುದರಿಂದ ಅವುಗಳಲ್ಲಿ ಇದು ಸಹಜ.

ಏರು ಹತ್ತುವಾಗ, ಭಾರ ಬಿದ್ದಾಗ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಕೇಳುವುದು ಅಕಾಲ ದಹನದ ಸದ್ದು. ಕಡಿಮೆ ಆಕ್ಟೇನಿನ ಪೆಟ್ರೋಲು, ಮುಂದಾಗಿ ಬರುವ ಕಿಡಿ, ಅತಿಯಾದ ಕಾವು ಇದರ ಕಾರಣಗಳು. ಹೆಚ್ಚಿನ ಒತ್ತಡದ ಎಂಜಿನ್ನುಗಳು ಇದಕ್ಕೆ ಬೇಗ ತುತ್ತಾಗುತ್ತವೆ. ಮುಂದುವರಿದರೆ ಪಿಸ್ಟನ್ನಿನ ತಲೆ ಒಡೆಯುತ್ತದೆ.

ಕೀರಲುದನಿ ಬೆಲ್ಟಿನದು, ರಾಗಿ ಬೀಸುವ ಕಲ್ಲಿನಂತೆ ಗರಗರನೆ ಬರುವುದು ಆಲ್ಟರ್ನೇಟರು ಅಥವಾ ನೀರಿನ ಪಂಪಿನ ಬೇರಿಂಗಿನದು. ಕ್ಲಚ್ಚನ್ನು ತುಳಿದೊಡನೆ ಸದ್ದು ನಿಂತರೆ ಅದು ಎಂಜಿನ್ನಿನದಲ್ಲ, ಗೇರುಪೆಟ್ಟಿಗೆಯದು. ತುಳಿದಾಗಲೇ ಹುಟ್ಟಿದರೆ ಕ್ಲಚ್ಚಿನ ಬೇರಿಂಗಿನದು.

5. ಕಾಯಲಾರದ ಸದ್ದು

ಇವೆಲ್ಲಕ್ಕಿಂತ ಭಯಂಕರವಾದುದು ಎಂಜಿನ್ನಿನ ಕೆಳಭಾಗದಿಂದ ಒನಕೆಯ ಪೆಟ್ಟಿನಂತೆ ‘ದಬ್ ದಬ್’ ಎಂದು ಬರುವ ಸದ್ದು. ಇದು ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿರುವುದರ ಸೂಚನೆ. ಕ್ರ್ಯಾಂಕ್ ದಂಡಕ್ಕೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳುಪೊರೆಯೊಂದಿರುತ್ತದೆ. ಲೋಹವು ಲೋಹವನ್ನು ಮುಟ್ಟದಂತೆ ಕಾಯುವುದು ಅದೊಂದೇ. ಸಂದು ಹಿರಿದಾದರೆ ಪೊರೆಯು ನಿಲ್ಲದು. ಎಣ್ಣೆ ಬಿಸಿಯಾಗಿ ತೆಳುವಾದಂತೆ ಈ ಬಡಿತ ಹೆಚ್ಚುತ್ತದೆ. ಆ ಸಿಲಿಂಡರಿನ ದಹನವನ್ನು ನಿಲ್ಲಿಸಿದರೆ ಬಡಿತವು ತಗ್ಗುತ್ತದೆ. ಟ್ಯಾಪೆಟ್ಟಿನ ಸದ್ದಾದರೆ ಹಾಗೆ ತಗ್ಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ಇದೇ ಒರೆಗಲ್ಲು.

ಹಿರಿಯೂರಿನಲ್ಲಿ ಈ ಸದ್ದನ್ನು ಕೇಳಿದ ಚಾಲಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಚಿತ್ರದುರ್ಗಕ್ಕೆ ಇನ್ನು ನಲವತ್ತು ಕಿಲೋಮೀಟರು. ‘ಹೇಗೋ ಮುಟ್ಟಿಬಿಡೋಣ’ ಎಂದು ಅವನ ಮನಸ್ಸು ಹೇಳುತ್ತದೆ. ಎಣ್ಣೆಯ ಕೆಂಪು ದೀಪ ಮಿನುಗಿದರೂ ರೇಡಿಯೋದ ಸದ್ದನ್ನು ಏರಿಸಿ ಓಡಿಸುತ್ತಾನೆ. ದಾರಿಯ ನಡುವೆ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ಚೆಲ್ಲಿದ ಎಣ್ಣೆಯ ಮೇಲೆ ಚಕ್ರ ಜಾರುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ. ಹಿರಿಯೂರಿನಲ್ಲಿಯೇ ನಿಂತಿದ್ದರೆ ಬೇರಿಂಗು ಬದಲಾಯಿಸಿ, ಕ್ರ್ಯಾಂಕನ್ನು ಸರಿಪಡಿಸಿದರೆ ಸಾಕಾಗುತ್ತಿತ್ತು. ಆದುದರಿಂದ ಟ್ಯಾಪೆಟ್ಟಿನ ಸದ್ದು ನಾಳೆಗೆ ಕಾದೀತು, ಬೆಲ್ಟಿನ ಕೀರಲು ಊರು ಮುಟ್ಟುವವರೆಗೆ ಕಾದೀತು, ಕೆಳಗಿನ ಬಡಿತವು ಮಾತ್ರ ಒಂದು ಕಿಲೋಮೀಟರಿಗೂ ಕಾಯದು. ಎಣ್ಣೆಯ ಕೆಂಪು ದೀಪಕ್ಕೂ ಇದೇ ನಿಯಮ. ಎಂಜಿನ್ ತಪಾಸಣೆಯ ದೀಪ ಮಿಣುಕುತ್ತಿದ್ದರೆ ಮಿಸ್ಸಿಂಗ್ ತೀವ್ರವಾಗಿದೆಯೆಂದು ತಿಳಿದು, ವೇಗ ತಗ್ಗಿಸಿ ಬೇಗನೆ ನಿಲ್ಲಿಸಬೇಕು.

6. ಪರೀಕ್ಷಿಸುವವನ ಎಚ್ಚರಿಕೆ

ಸದ್ದಿನ ಮೂಲವನ್ನು ಹುಡುಕಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಬಳಿಯ ಎಲುಬಿಗೆ ಒತ್ತಿ ಕೇಳುವುದು ಗ್ಯಾರೇಜುಗಳ ಹಳೆಯ ಪದ್ಧತಿ. ಆಗ ಫ್ಯಾನು ಮತ್ತು ಬೆಲ್ಟುಗಳಿಂದ ದೂರವಿರಬೇಕು. ಸಡಿಲವಾದ ಬಟ್ಟೆ, ಟವೆಲುಗಳನ್ನು ಕಳಚಿಡಬೇಕು. ಸೋರಿಕೆ ನೋಡಲು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸುವುದು ಬೆಂಕಿಗೆ ಆಹ್ವಾನ. ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ನನ್ನು ಎಂದಿಗೂ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಾಣವನ್ನು ಮಾತ್ರ ತೆಗೆಯುತ್ತದೆ.

ವಿದ್ಯಾರ್ಥಿಗಳೇ, ಒಂದು ಸಣ್ಣ ಅಭ್ಯಾಸವನ್ನು ಮಾಡಿನೋಡಿ. ಚೆನ್ನಾಗಿರುವ ಎಂಜಿನ್ನೊಂದರ ಸದ್ದನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಕಾದ ಮೇಲೆ ಒಮ್ಮೆ, ಬಯಲಿನಲ್ಲಿ ನಿಂತು ಆಲಿಸಿರಿ, ಕೇಳಿದುದನ್ನು ಬರೆದಿಡಿರಿ. ಹೀಗೆ ಕೆಲವು ದಿನ ಮಾಡಿದರೆ ಸ್ವರವು ಪರಿಚಯವಾಗುತ್ತದೆ. ಸ್ವರವನ್ನು ಬಲ್ಲವನಿಗೆ ಮಾತ್ರ ಅಪಸ್ವರವು ಕೇಳಿಸುತ್ತದೆ.